ಪಾಸ್ ಸಿಗದ ಬಂದರು

ಕರುಣಾಕರರ ಎದುರು ಅಮೆರಿಕದ ವಿಷಯ ತೆಗೆದರೆ ಮುಗಿಯಿತು, ಕೇಳುವವರ ಚಹಾ ತಣ್ಣಗಾಗುವುದು ಗ್ಯಾರಂಟಿ. ಉಡುಪಿ ಕಡೆಯ ಈ ಮನುಷ್ಯ ಮೂವತ್ತು ವರ್ಷ ಸರಕು ಹಡಗುಗಳಲ್ಲಿ ಅಡುಗೆ ಮಾಡಿದವರು. ಈಗ ಮೆಲ್ಬರ್ನಿನ ಟ್ರುಗನಿನಾದಲ್ಲಿ ಮಗಳು ನಿಶ್ಮಿತಾಳ ಮನೆಯಲ್ಲಿದ್ದಾರೆ. "ಅಮೆರಿಕದಲ್ಲಿ ನಾನು ಇಳಿಯದ ಬಂದರಿಲ್ಲ ಮಾರಾಯ್ರೆ" ಎಂದು ಅವರು ಬಡಾಯಿ ಕೊಚ್ಚಿದಾಗಲೆಲ್ಲ ಮಗಳು ಮಾತ್ರ ಎದ್ದು ಒಳಗೆ ಹೋಗುತ್ತಿದ್ದಳು.

ಅವಳ ಸಿಟ್ಟಿಗೂ ಕಾರಣವಿತ್ತು ಅನ್ನಿ. ಆರು ವರ್ಷದ ಹಿಂದೆ, 2002ರಲ್ಲಿ, ತಾಯಿ ಚೆನ್ನು ಉಡುಪಿಯ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅಪ್ಪನ ಹಡಗು ಟೆಕ್ಸಾಸಿನ ಒಂದು ಬಂದರಿನಲ್ಲಿ ನಾಲ್ಕು ದಿನದಿಂದ ನಿಂತಿತ್ತು. ಚೆನ್ನು ಆಸ್ಪತ್ರೆ ಸೇರಿದ ಕೂಡಲೇ ಬಂದರಿನ ಏಜೆಂಟರ ಮೂಲಕ ಹಡಗಿಗೆ ಸುದ್ದಿ ಮುಟ್ಟಿಸಿದ್ದೇವೆ ಎಂದರು ಕಂಪನಿಯವರು. ಆದರೂ ಅಪ್ಪನಿಂದ ಒಂದೇ ಒಂದು ಫೋನ್ ಇಲ್ಲ. ತಿಂಗಳು ಕಳೆದು ಮನೆಗೆ ಬಂದವರ ಕೈಯಲ್ಲಿ ಅಮೆರಿಕದ ಚಾಕಲೇಟ್ ಡಬ್ಬಿ! "ಚಾಕಲೇಟ್ ತರ್ಲಿಕ್ಕೆ ಪುರ್ಸೊತ್ತು ಉಂಟು, ಫೋನ್ ಮಾಡ್ಲಿಕ್ಕೆ ಇಲ್ಲ" ಎಂದ ನಿಶ್ಮಿತಾ ಅದನ್ನು ಮುಟ್ಟಲಿಲ್ಲ. ಅಷ್ಟು ದೊಡ್ಡ ಮಾತುಗಾರ, ಅವತ್ತು ತುಟಿ ಪಿಟಕ್ಕೆನ್ನಲಿಲ್ಲ ನೋಡಿ.

ಮೊನ್ನೆ ಭಾನುವಾರ ಮೊಮ್ಮಗಳು ನವ್ಯಾ ಸ್ಕೂಲ್ ಪ್ರಾಜೆಕ್ಟ್ ಹಿಡಿದು ಬಂದಳು. ಅಮೆರಿಕ ಹೇಗೆ ಬೆಳೆಯಿತು, ಹೊರಗಿನವರ ಜೊತೆ ಅದರ ವರ್ತನೆ ಹೇಗೆ ಬದಲಾಯಿತು ಎಂದು ಬರೆಯಬೇಕಂತೆ. ಅಜ್ಜನಿಗೆ ಇನ್ನೇನು ಬೇಕು! ಅದೇ ಚಾಕಲೇಟ್ ಡಬ್ಬಿಯನ್ನು ತಂದು ಊಟದ ಮೇಜಿನ ಮೇಲೆ ಸುರಿದರು. ಒಳಗಿದ್ದದ್ದು ಪಾಸುಗಳು. ಹಡಗಿನವರು ಇಳಿದು ಊರು ಸುತ್ತಲು ಬಂದರಿನಲ್ಲಿ ಕೊಡುವ ಚೀಟಿಗಳು.

"ಇದು ಪನಾಮಾ ಕಾಲುವೆ, ಎಪ್ಪತ್ತಾರನೇ ಇಸವಿಯದ್ದು. ದೇಶ ಪನಾಮಾದವರದ್ದು, ಕಾಲುವೆ, ಪೊಲೀಸು, ಬಾವುಟ ಎಲ್ಲ ಅಮೆರಿಕದ್ದು. ಎರಡು ಸಾವಿರದಲ್ಲಿ ಪುನಃ ಹೋದ್ರೆ ಬಾವುಟವೇ ಬೇರೆ. ಬಿಟ್ಟುಕೊಟ್ಟಿದ್ರು. ಇದು ಫಿಲಿಪೀನ್ಸಿನ ಸುಬಿಕ್. ಅವರ ಯುದ್ಧದ ಹಡಗುಗಳು ಸಾಲಾಗಿ ನಿಲ್ತಿದ್ದ ಜಾಗ. ತೊಂಬತ್ತೆರಡಕ್ಕೆ ಅಲ್ಲಿಂದ್ಲೂ ಗಂಟುಮೂಟೆ ಕಟ್ಟಿದ್ರು. ಮೊದಲು ನೆಲವೇ ಬೇಕಿತ್ತು ಅವರಿಗೆ, ಮತ್ತೆ ಆಗೊಮ್ಮೆ ಈಗೊಮ್ಮೆ ಹಡಗು ನಿಲ್ಲಿಸ್ಲಿಕ್ಕೆ ಜಾಗ ಸಿಕ್ಕಿದ್ರೆ ಸಾಕು ಅಂತಾಯ್ತು."

ನವ್ಯಾ ಟೆಕ್ಸಾಸಿನ ಪಾಸುಗಳನ್ನು ವರ್ಷದ ಪ್ರಕಾರ ಜೋಡಿಸುತ್ತಿದ್ದಳು. ಎಂಬತ್ತೈದು, ತೊಂಬತ್ತೊಂದು, ತೊಂಬತ್ತೆಂಟು.

"ಅಜ್ಜ, ವೇರ್ ಈಸ್ ಟೂ ಥೌಸಂಡ್ ಟೂ? ಮಮ್ ಹೇಳೋ ಆ ಚಾಕಲೇಟ್ ಟ್ರಿಪ್?"

ಅಡುಗೆಮನೆಯಲ್ಲಿ ಮಿಕ್ಸಿ ನಿಂತಿತು.

ಕರುಣಾಕರ ಖಾಲಿ ಡಬ್ಬಿಯನ್ನೇ ನೋಡಿದರು. "ಆ ವರ್ಷದ್ದು ಇಲ್ಲ ಮಗಾ. ಕೊಡ್ಲಿಲ್ಲ. ನ್ಯೂಯಾರ್ಕಲ್ಲಿ ಆ ಎರಡು ಕಟ್ಟಡ ಬಿದ್ದ ಮೇಲೆ ನಮ್ಮಂಥವರು ಇಳಿಯುವ ಹಾಗಿಲ್ಲ ಅಂತಾಯ್ತು. ಹಡಗಿನ ಏಣಿಯ ಬುಡದಲ್ಲಿ ಕೋವಿ ಹಿಡಿದು ಒಬ್ಬ ಕಾವಲಿನವ ನಿಂತ. ಅವನ ಹಿಂದೆಯೇ ಫೋನ್ ಬೂತ್, ಇಲ್ಲಿಂದ ನಮ್ಮ ಗೇಟಿನ ಲೆಟರ್ ಬಾಕ್ಸಿನಷ್ಟು ದೂರ. ಹಡಗಿನ ಫೋನ್ ಕೆಟ್ಟಿತ್ತು. ಕೈ ಮುಗಿದೆ, ಬಿಡ್ಲಿಲ್ಲ. ನೀನಾದ್ರೂ ಮಾಡು ಅಂತ ನಂಬರ್ ಬರೆದು ಕೊಟ್ಟೆ, ಅವನಿಗೆ ಲೈನ್ ಸಿಗ್ಲಿಲ್ಲ. ನಾಲ್ಕು ದಿನ ಆ ಬೂತನ್ನೇ ನೋಡ್ತಾ ಅನ್ನ ಬೇಯಿಸಿದೆ. ಹೊರಡುವಾಗ ಅವನೇ, ಪಾಪ, ನಿನ್ನ ಮಗಳಿಗೆ ಅಂತ ಈ ಡಬ್ಬಿ ಕೊಟ್ಟ. ಮತ್ತೆ ಊರು ಮುಟ್ಟುವವರೆಗೆ ತಿಂಗಳಿಡೀ ಸಮುದ್ರವೇ."

ನಿಶ್ಮಿತಾ ಬಾಗಿಲಲ್ಲಿ ನಿಂತಿದ್ದಳು, ಕೈ ತುಂಬ ತೆಂಗಿನತುರಿ. "ಯಾಕೆ ಹೇಳ್ಲಿಲ್ಲ ಅಪ್ಪಾ? ಆರು ವರ್ಷ!"

"ಎಂತ ಹೇಳುದು? ಇಳಿಯದ ಬಂದರಿಲ್ಲ ಅಂತ ಊರಿಡೀ ಹೇಳಿಕೊಂಡು ತಿರುಗಿದವ ನಾನು. ನಾಚಿಕೆ ಆಯ್ತು. ನಿನ್ನ ಅಮ್ಮ ಕಾದು ಕಾದು ಹೋದ್ಳು. ಇನ್ನು ಯಾರಿಗೆ ಹೇಳಿ ಎಂತ ಪ್ರಯೋಜನ ಅಂತ ಸುಮ್ಮನಾದೆ."

ನಿಶ್ಮಿತಾ ಕುರ್ಚಿ ಎಳೆದು ಕೂತಳು. ಅಳು ತಡೆಯಲು ನೋಡಿದಳು, ಆಗಲಿಲ್ಲ.

"ಅಮ್ಮನಿಗೆ ಗೊತ್ತಿತ್ತು ಅಪ್ಪಾ. ಆಸ್ಪತ್ರೆಯಲ್ಲಿ ನಾನು ನಿಮ್ಮನ್ನು ಬೈದಾಗ ಅಮ್ಮ ಹೇಳಿದ್ರು, 'ಬೈಬೇಡ, ಅವರನ್ನು ಇಳೀಲಿಕ್ಕೆ ಬಿಟ್ಟಿರ್ಲಿಕ್ಕಿಲ್ಲ. ಬಿಟ್ಟಿದ್ರೆ ಓಡಿ ಬಂದು ಫೋನ್ ಮಾಡ್ತಿದ್ರು' ಅಂತ. ನಾನು ನಂಬ್ಲಿಲ್ಲ. ಸಿಟ್ಟಲ್ಲಿ ನಿಮಗೆ ಹೇಳ್ಲೂ ಇಲ್ಲ."

ಕರುಣಾಕರ ಡಬ್ಬಿ ಪಕ್ಕಕ್ಕೆ ಸರಿಸಿ ಮಗಳ ಕಡೆ ತಿರುಗಿದರು.

"ಹಾಗೆ ಹೇಳಿದ್ಳಾ?" ಎಂದರು. "ಇನ್ನೊಮ್ಮೆ ಹೇಳು ಮಗಾ."

ನಿಶ್ಮಿತಾ ಅಪ್ಪನ ಕೈ ಹಿಡಿದು ಇನ್ನೊಮ್ಮೆ ಹೇಳಿದಳು.