ನಮ್ಮ ಮನೆಗೆ ಬರುವ ಎಲೆಕ್ಟ್ರಿಷಿಯನ್

ರವೀಂದ್ರನಗರದ ನಮ್ಮ ರಸ್ತೆಯ ವಾಟ್ಸಾಪ್ ಗ್ರೂಪಿಗೆ ನನ್ನನ್ನು ಯಾರೂ ಆರಿಸಿ ಅಡ್ಮಿನ್ ಮಾಡಲಿಲ್ಲ. ಮೊದಲು ಅಡ್ಮಿನ್ ಆಗಿದ್ದವರು ಮನೆ ಬದಲಿಸಿ ಹೋಗುವಾಗ, ಹಳೇ ಗಿಡದ ಕುಂಡಗಳ ಜೊತೆಗೆ ಇದನ್ನೂ ನನಗೆ ಒಪ್ಪಿಸಿ ಹೋದರು. "ನೀವು ಕಾಲೇಜ್ ಆಫೀಸಲ್ಲಿ ಇರೋರು, ಜನರನ್ನ ಸಂಭಾಳಿಸಿ ಅಭ್ಯಾಸ ಇರುತ್ತೆ" ಅಂದರು. ದಿನವಿಡೀ ಜನರನ್ನು ಸಂಭಾಳಿಸಿ ಬಂದವಳಿಗೆ ಮನೆಯಲ್ಲೂ ಅದೇ ಕೆಲಸ ಬೇಕಾ ಎಂದು ಯಾರೂ ಕೇಳಲಿಲ್ಲ. ಕುಂಡಗಳು ಒಣಗಿದವು, ಗ್ರೂಪು ಉಳಿಯಿತು.

ನೀರು, ಕರೆಂಟು, ಕಸದ ಗಾಡಿ, ಕೆಲಸದವರ ನಂಬರು, ಇಷ್ಟಕ್ಕೇ ಈ ಗ್ರೂಪು ಎಂದು ನಿಯಮ ಮಾಡಿದೆ. ಬೆಳಗಾದರೆ ಗುಲಾಬಿ ಹೂವಿನ ಚಿತ್ರ ಬೇಡ, ರಾಜಕೀಯ ಬೇಡ, ವಾಯ್ಸ್ ಮೆಸೇಜ್ ಅಂತೂ ಬೇಡವೇ ಬೇಡ. ನಾಯಿಯೊಂದರ ವಿಷಯಕ್ಕೆ ಇಬ್ಬರು ಗಂಡಸರು ವಾಯ್ಸಿನಲ್ಲಿ ಕಿತ್ತಾಡಿದ್ದನ್ನು ಇಡೀ ರಸ್ತೆ ಊಟದ ತಟ್ಟೆ ಮುಂದೆ ಕೂತು ಕೇಳಿತ್ತು. ಆ ನಿಯಮ ಆಮೇಲೆ ಬಂದದ್ದು. ಹೂವು ಅಳಿಸಿದರೆ ಹಾಕಿದವರಿಗೆ ಸಿಟ್ಟು, ಅಳಿಸದಿದ್ದರೆ ಉಳಿದವರಿಗೆ ಸಿಟ್ಟು. ಸಿಟ್ಟು ಮಾಡಿಕೊಂಡು ಗ್ರೂಪ್ ಬಿಟ್ಟವರು ನಲ್ಲಿಯಲ್ಲಿ ನೀರು ನಿಂತ ದಿನ ಗೇಟಿನ ಹತ್ತಿರ ಬಂದು "ಮತ್ತೆ ಸೇರಿಸಿ ಮೇಡಂ" ಅನ್ನುತ್ತಾರೆ. ಸೇರಿಸುತ್ತೇನೆ. ನನಗೆ ಸಾಕಾಗಿದೆ ಎಂದು ಹೇಳೋಣವೆಂದರೆ, ಅದನ್ನು ಹೇಳಬೇಕಾದದ್ದೂ ಅದೇ ಗ್ರೂಪಿನಲ್ಲಿ.

ಗ್ರೂಪಿನಲ್ಲಿ ನಮ್ಮ ಯಜಮಾನರೂ ಇದ್ದಾರೆ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಅಲ್ಲಿ ಕ್ವಾರ್ಟರ್ಸಿನಲ್ಲಿದ್ದಾಗ ನಮ್ಮ ಸಾಲಿನಲ್ಲಿ ಕೂಲಿ ಕೊಟ್ಟು ಜನ ಕರೆಸುವ ಪದ್ಧತಿಯೇ ಇರಲಿಲ್ಲ. ಒಬ್ಬರಿಗೆ ವೆಲ್ಡಿಂಗ್ ಬರುತ್ತಿತ್ತು, ಎದುರುಮನೆಯ ತಮಿಳರಿಗೆ ಮೋಟಾರ್ ವೈಂಡಿಂಗ್, ನಮ್ಮವರಿಗೆ ಪೈಪು, ವೈರು ಎರಡೂ. ಕೆಲಸ ಮುಗಿದ ಮೇಲೆ ಉಪ್ಪಿಟ್ಟು, ಕಾಫಿ, ಅಷ್ಟೇ. ಒಮ್ಮೆ ಒಂದು ಮನೆಯವರು ನಲ್ಲಿ ಬದಲಿಸಲು ಪೇಟೆಯಿಂದ ಯಾರನ್ನೋ ಕರೆಸಿದರು. ಇಡೀ ಸಾಲು ಅವರನ್ನು ವಾರಗಟ್ಟಲೆ ಕೇಳಿತು: "ಯಾಕೆ, ನಮ್ಮ ಕೈಯೇನು ಬಿದ್ದೋಗಿತ್ತಾ?" ಎಲ್ಲರಿಗಿಂತ ಜೋರಾಗಿ ಕೇಳಿದವರು ನಮ್ಮವರೇ.

ಶಿವಮೊಗ್ಗಕ್ಕೆ ಬಂದ ಮೇಲೂ ಅದೇ ಠೀವಿ. ಗ್ರೂಪಿನಲ್ಲಿ ಯಾರಾದರೂ ಎಲೆಕ್ಟ್ರಿಷಿಯನ್ ನಂಬರ್ ಕೇಳಿದರೆ ಇವರ ಉತ್ತರ ಸಿದ್ಧವಾಗಿರುತ್ತಿತ್ತು: "ಟ್ಯೂಬ್‌ಲೈಟಿಗೆಲ್ಲ ಜನ ಕರೀಬೇಡಿ. ಮೇನ್ ಆಫ್ ಮಾಡಿ, ನೀವೇ ಮಾಡ್ಕೊಳ್ಳಿ." ರಸ್ತೆಯವರು ಇವರನ್ನು ಫಿಟ್ಟರ್ ಯಜಮಾನರು ಅನ್ನುತ್ತಿದ್ದರು. ಇವರಿಗೆ ಅದು ಇಷ್ಟ.

ಆಮೇಲೆ ಕೈ ನಡುಗಲು ಶುರುವಾಯಿತು. ಮೊದಲು ಲೋಟದ ಅಂಚಿನಿಂದ ಕಾಫಿ ಚೆಲ್ಲಿತು. ವಯಸ್ಸಿನ ನಡುಕ, ದೊಡ್ಡ ಕಾಯಿಲೆ ಅಲ್ಲ ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು. ಆವತ್ತಿನಿಂದ ಇವರು ಅರ್ಧ ಲೋಟ ಕಾಫಿ ಸಾಕು ಅನ್ನತೊಡಗಿದರು. ಕಾಫಿ ಕಡಿಮೆ ಮಾಡಬೇಕಂತೆ, ಪಿತ್ತವಂತೆ. ನಾನು ಹೂಂ ಅಂದೆ. ಆದರೆ ನಡುಗುವ ಕೈಯಲ್ಲಿ ಕರೆಂಟಿನ ವೈರು ಹಿಡಿಯುವುದಕ್ಕೆ ಹೂಂ ಅನ್ನಲು ಆಗಲಿಲ್ಲ.

"ಯಾರನ್ನಾದ್ರೂ ಕರೆಸೋಣ ಕಣ್ರೀ" ಅಂದೆ.

"ಫಿಟ್ಟರ್ ಮನೆಗೆ ಎಲೆಕ್ಟ್ರಿಷಿಯನ್ನಾ? ನಗ್ತಾರೆ ಮಾರಾಯ್ತಿ."

ಅಲ್ಲಿಂದ ಮುಂದೆ ನನ್ನ ಜೀವ ನನ್ನ ಕೈಯಲ್ಲಿರಲಿಲ್ಲ. ಬೆಳಿಗ್ಗೆ ಸಿಟಿ ಬಸ್ಸಿನಲ್ಲಿ ಕೂತರೂ ಮನಸ್ಸು ಮನೆಯ ಸ್ವಿಚ್‌ಬೋರ್ಡಿನ ಮುಂದೆಯೇ ಇರುತ್ತಿತ್ತು. ಮಧ್ಯಾಹ್ನ ಏನಾದರೊಂದು ನೆಪ ತೆಗೆದು ಫೋನ್ ಮಾಡುತ್ತಿದ್ದೆ: ಹಾಲಿಗೆ ಹೆಪ್ಪು ಹಾಕಿದ್ರಾ, ಗ್ಯಾಸಿನವರು ಬಂದ್ರಾ. ಇವರಿಗೂ ಗೊತ್ತಿತ್ತು. ಫೋನೆತ್ತಿದವರೇ "ಇದ್ದೀನಿ" ಅನ್ನುತ್ತಿದ್ದರು.

ಸಂಜೆ ಬಂದು ನೋಡಿದರೆ ಕೆಲಸ ಆಗಿರುತ್ತಿತ್ತು. ಒಂದು ದಿನ ಫ್ಯಾನಿನ ರೆಗ್ಯುಲೇಟರ್, ಇನ್ನೊಂದು ದಿನ ಗೀಸರಿನ ಸ್ವಿಚ್ಚು. ಟೂಲ್ ಬಾಕ್ಸು ನಡುಮನೆಯಲ್ಲಿ ಬಾಯಿ ತೆರೆದುಕೊಂಡು ಕೂತಿರುತ್ತಿತ್ತು, ಇವರ ಅಂಗಿಯ ಜೇಬಿನಲ್ಲಿ ಟೆಸ್ಟರು. ನಾನು ರೇಗುತ್ತಿದ್ದೆ, ಇವರು ಟೂಲ್ ಬಾಕ್ಸ್ ಮುಚ್ಚಿ ಒಳಗಿಡುತ್ತಿದ್ದರು. ಇವರು ಬೋರ್ಡು ಕೂರಿಸಿದರೆ ಸ್ಕ್ರೂ ತಲೆಯ ಗೆರೆಗಳೆಲ್ಲ ಒಂದೇ ಸಮ ನೆಟ್ಟಗೆ ನಿಂತಿರುತ್ತಿದ್ದವು. ಕಾರ್ಖಾನೆಯಿಂದ ಬಂದ ಹಟ ಅದು. ಹೊಸ ಬೋರ್ಡುಗಳಲ್ಲಿ ಒಂದು ಗೆರೆ ಅಡ್ಡ, ಒಂದು ಓರೆ. ಪಾಪ, ಕೈ ಇಷ್ಟು ಸೋತುಹೋಯಿತೇ ಎಂದುಕೊಂಡೆ. ಬಟ್ಟೆಯಿಂದ ಬೋರ್ಡು ಒರೆಸುವಾಗ ಆ ಸ್ಕ್ರೂಗಳನ್ನು ನೋಡಿ ಅತ್ತದ್ದೂ ಉಂಟು.

ಹೀಗೆ ಒಂದು ವರ್ಷ ಕಳೆಯಿತು. ಒಂದು ಮಧ್ಯಾಹ್ನ ಆಫೀಸಿನಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ ಗ್ರೂಪಿನಲ್ಲಿ ಹೊಸದಾಗಿ ಬಾಡಿಗೆಗೆ ಬಂದವರು ಒಳ್ಳೆಯ ಎಲೆಕ್ಟ್ರಿಷಿಯನ್ ಇದ್ದರೆ ತಿಳಿಸಿ ಎಂದು ಬರೆದರು. ಮೂಲೆಮನೆಯಾಕೆ ಕೂಡಲೇ ಉತ್ತರ ಹಾಕಿದರು: "ಅಡ್ಮಿನ್ ಮೇಡಂ ಮನೆಗೆ ಒಬ್ರು ಬರ್ತಾರಲ್ಲ, ಕೋಟೆ ರಸ್ತೆ ಕಡೆಯೋರು, ತುಂಬ ಚೆನ್ನಾಗಿ ಮಾಡ್ತಾರೆ. ಮೇಡಂ ಆಫೀಸಿಗೆ ಹೋದ್ಮೇಲೆ ಬರ್ತಾರೆ. ನಾನು ಗೇಟ್ ಹತ್ರ ನಂಬರ್ ಇಸ್ಕೊಂಡಿದ್ದೆ." ಕೆಳಗೆ ನಂಬರು. ಅದರ ಕೆಳಗೆ ಇನ್ನೊಬ್ಬರು ನಗುವ ಮುಖ ಹಾಕಿ, "ಓಹೋ, ನೀವೇ ಮಾಡ್ಕೊಳ್ಳಿ ಅನ್ನೋದು ನಮಗೆ ಮಾತ್ರಾನಾ ಯಜಮಾನ್ರೇ?" ಎಂದು ಬರೆದರು.

ಮೊದಲು ಬಂದದ್ದು ಸಿಟ್ಟು. ವರ್ಷವಿಡೀ ನಾನು ಬಸ್ಸಿನ ಕಂಬಿ ಹಿಡಿದು ದೇವರನ್ನು ನೆನೆಯುತ್ತಿದ್ದರೆ, ಇವರು ಕುರ್ಚಿಯಲ್ಲಿ ಕೂತು ಇನ್ನೊಬ್ಬರ ಕೆಲಸ ನೋಡುತ್ತಿದ್ದರು! ಆಮೇಲೆ ಸಮಾಧಾನವಾಯಿತು, ಸದ್ಯ ವೈರು ಮುಟ್ಟಿಲ್ಲ ಎಂದು. ಅದರ ಹಿಂದೆಯೇ ಆ ಸಂಜೆಗಳು ನೆನಪಾದವು. ಬೇರೆಯವರು ಮಾಡಿದ ಕೆಲಸದ ಮುಂದೆ ತಮ್ಮ ಟೂಲ್ ಬಾಕ್ಸ್ ತೆರೆದಿಟ್ಟು, ಜೇಬಿಗೆ ಟೆಸ್ಟರ್ ಸಿಕ್ಕಿಸಿಕೊಂಡು ನನಗಾಗಿ ಕಾಯುತ್ತಿದ್ದರಲ್ಲ. ಎರಡೂ ಮೆಸೇಜುಗಳನ್ನು ಅಳಿಸಿಬಿಟ್ಟೆ. ನನ್ನ ಮನೆಗೋಸ್ಕರ ಅಡ್ಮಿನ್ ಅಧಿಕಾರ ಬಳಸಿದ್ದು ಅದೇ ಮೊದಲು. ಆದರೆ ಅಳಿಸಿದರೆ ಪೂರ್ತಿ ಹೋಗುವುದಿಲ್ಲ. ಇದನ್ನು ಅಡ್ಮಿನ್ ಅಳಿಸಿದ್ದಾರೆ ಎಂಬ ಸಾಲು ಎಲ್ಲರಿಗೂ ಕಾಣುವ ಹಾಗೆ ಉಳಿಯುತ್ತದೆ. ಆವತ್ತು ಅಂಥ ಎರಡು ಸಾಲುಗಳು ಉಳಿದವು. ಬುತ್ತಿ ಹಾಗೇ ಮುಚ್ಚಿದೆ. ಮನೆಗೆ ಫೋನ್ ಮಾಡಲೂ ಧೈರ್ಯ ಬರಲಿಲ್ಲ.

ಸಂಜೆ ಮನೆಗೆ ಬಂದಾಗ ಇವರು ಜಗುಲಿಯಲ್ಲಿ ಕೂತಿದ್ದರು. ಜೇಬಿನಲ್ಲಿ ಟೆಸ್ಟರ್ ಇರಲಿಲ್ಲ. ನಾನು ಏನೂ ಆಗದವಳ ಹಾಗೆ ಒಳಗೆ ಹೋಗಿ ಕಾಫಿ ಮಾಡಿ ಅರ್ಧ ಲೋಟ ತಂದುಕೊಟ್ಟೆ. ಇವರು ಅದನ್ನು ಮುಟ್ಟಲಿಲ್ಲ.

"ಆ ಮೆಸೇಜ್ ಯಾಕೆ ಅಳಿಸ್ದೆ?"

"ಗ್ರೂಪಲ್ಲಿ ಅಡ್ವರ್ಟೈಸ್‌ಮೆಂಟ್ ಹಾಕ್ಬಾರ್ದು ಅಂತ."

"ಕೆಲಸದೋರ ನಂಬರ್ ಹಾಕಬಹುದು ಅಂತ ರೂಲ್ ಮಾಡಿದ್ದು ನೀನೇ." ಫೋನಿನ ಕಡೆ ನೋಡುತ್ತಾ, "ನಂಬರ್ ಸರಿಯಾಗೇ ಇತ್ತು. ಪಾಪ, ಆ ಮನುಷ್ಯನಿಗೆ ನಾಲ್ಕು ಕೆಲಸ ಸಿಗ್ತಿತ್ತು" ಅಂದರು.

ಅಳು ಬಂದುಬಿಡುತ್ತದೆ ಎಂದು ರಸ್ತೆ ಕಡೆ ನೋಡಿದೆ. ಇವರು ಫೋನ್ ತೆಗೆದುಕೊಂಡು ಟೈಪ್ ಮಾಡಲು ನೋಡಿದರು. ಬೆರಳು ಒಂದು ಅಕ್ಷರಕ್ಕೆ ಹೋದರೆ ಇನ್ನೊಂದು ಅಕ್ಷರ ಬೀಳುತ್ತಿತ್ತು. ನಾನು ಕೈ ಚಾಚಿದೆ, ಕೊಡಲಿಲ್ಲ. ಕೊನೆಗೆ ಮೈಕಿನ ಗುರುತನ್ನು ಒತ್ತಿ ಹಿಡಿದು, ಭದ್ರಾವತಿಯ ಹಳೇ ಗಟ್ಟಿ ದನಿಯಲ್ಲಿ ಮಾತಾಡಿದರು:

"ನಾನು ಅಡ್ಮಿನ್ ಯಜಮಾನ್ರು ಮಾತಾಡ್ತಿರೋದು. ಮೂಲೆಮನೆಯೋರು ಹೇಳಿದ್ದು ನಿಜ. ನಮ್ಮನೆ ಕರೆಂಟ್ ಕೆಲಸ ಒಂದು ವರ್ಷದಿಂದ ಅವರೇ ಮಾಡೋದು. ನನ್ನ ಕೈ ನಡುಗುತ್ತೆ. ಒಳ್ಳೆ ಕೆಲಸಗಾರ, ಕರೆಸ್ಕೊಳ್ಳಿ. ಸ್ಕ್ರೂ ಮಾತ್ರ ಅಡ್ಡಾದಿಡ್ಡಿ ಬಿಡ್ತಾನೆ, ಎಷ್ಟು ಹೇಳಿದ್ರೂ ಕೇಳಲ್ಲ. ನಂಬರನ್ನ ನಮ್ಮನೇರು ಹಾಕ್ತಾರೆ."

ನಾನು ನಂಬರ್ ಹಾಕಿದೆ. ಆಮೇಲೆ ನಾಯಿ ಜಗಳದವರಲ್ಲೊಬ್ಬರು ಕೇಳಿದರು: "ಅಡ್ಮಿನ್, ವಾಯ್ಸ್ ಹಾಕ್ಬಾರ್ದು ಅಂತ ರೂಲ್ ಇದೆಯಲ್ಲ?"

"ಅಳಿಸ್ತೀಯಾ?" ಎಂದು ಇವರು ಕೇಳಿದರು.

"ಇಲ್ಲ" ಅಂದೆ.

ಇವರು ಲೋಟ ಎತ್ತಿ, ಅರ್ಧಕ್ಕೇ ನಿಂತಿದ್ದ ಕಾಫಿಯನ್ನು ನೋಡಿ, ನನ್ನ ಕಡೆ ಚಾಚಿದರು. ಲೋಟ ನಡುಗುತ್ತಲೇ ಇತ್ತು.

"ತುಂಬ ಹಾಕು. ಚೆಲ್ಲಿದ್ರೆ ಚೆಲ್ಲಲಿ."