ಚಟ್ನಿಪುಡಿಗೊಬ್ಬ ಅಜ್ಜಿ ಬೇಕಾಗಿದ್ದಳು

ಇಲ್ಲದ ಅಜ್ಜಿಯೊಬ್ಬಳನ್ನು ಹುಟ್ಟಿಸಿದ್ದಕ್ಕೆ ಈಚೆಗೆ ಚೆನ್ನಾಗಿ ಬೈಸಿಕೊಂಡೆ.

ಆಗಿದ್ದಿಷ್ಟು. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಮ್ಮ ಹಿಂದಿನ ಬೀದಿಯ ಸುಧಾ, ಅತ್ತೆ ಗೌರಮ್ಮನವರ ಜೊತೆ ಸೇರಿ ಮನೆಯಲ್ಲೇ ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಾಳೆ. (ನಮ್ಮನೆಯಲ್ಲಿ ಪಲ್ಯ ಇಲ್ಲದಿದ್ದರೂ ನಡೆಯುತ್ತದೆ, ಆ ಪುಡಿ ಇಲ್ಲದಿದ್ದರೆ ನಡೆಯಲ್ಲ.) ಗುರುತಿನವರೆಲ್ಲ ಕೊಂಡಾಗಿತ್ತು. ಗುರುತಿಲ್ಲದವರನ್ನು ಮುಟ್ಟುವುದು ಹೇಗೆ? ಸುಧಾ ಒಂದು ವೆಬ್‌ಸೈಟ್ ಮಾಡಿಸಿದಳು. ಫೋಟೋ ಬಂತು, ಬಣ್ಣ ಬಂತು. ‘ನಮ್ಮ ಬಗ್ಗೆ’ ಅನ್ನುವ ಪುಟ ಮಾತ್ರ ಖಾಲಿ.

“ಅಕ್ಕಾ, ವಾರವಾರ ಪೇಪರ್‌ನಾಗೆ ಬರೀತೀರಿ. ನಮಗೂ ನಾಲ್ಕು ಸಾಲು ಬರ್ದು ಕೊಡ್ರಿ. ಓದಿದೋರ ಬಾಯಾಗೆ ನೀರು ಬರ್ಬೇಕು ನೋಡ್ರಿ.”

ನಾಲ್ಕು ಸಾಲು ತಾನೇ? ಮೊದಲು ಬೇರೆಯವರ ಸೈಟುಗಳನ್ನು ನೋಡಿದೆ. ಉಪ್ಪಿನಕಾಯಿಯವರಿಗೊಬ್ಬ ಅಜ್ಜಿ. ಹಪ್ಪಳದವರಿಗೊಬ್ಬ ಅಜ್ಜಿ. ತಲೆಗೆ ಹಚ್ಚುವ ಎಣ್ಣೆಯವರಿಗೂ ಒಬ್ಬ ಅಜ್ಜಿ! ಎಲ್ಲರ ಕೈಯಲ್ಲೂ ಒನಕೆ, ಎಲ್ಲರೂ ಹೋಗುವ ಮುಂಚೆ ಸೊಸೆಯ ಕಿವಿಯಲ್ಲಿ ಗುಟ್ಟು ಹೇಳಿಹೋದವರೇ. ನಮ್ಮ ಸುಧಾಗೆ ಮಾತ್ರ ಅಜ್ಜಿ ಇಲ್ಲ ಅಂದರೆ ಹೇಗೆ?

ನಾನೂ ಒಬ್ಬಳನ್ನು ಕೊಟ್ಟೆ. ಗೌರಮ್ಮನವರ ಅತ್ತೆ. ಕೋಳಿ ಕೂಗುವ ಹೊತ್ತಿಗೆ ಎದ್ದು, ವಚನ ಗುನುಗುತ್ತಾ, ಕಲ್ಲೊರಳಲ್ಲಿ ಶೇಂಗಾ ಕುಟ್ಟುವ ಮಹಾತಾಯಿ. ಓದಿದ ಸುಧಾಗೆ ಕಣ್ಣು ತುಂಬಿ ಬಂತು. (ಆಕೆ ಆ ಅಜ್ಜಿಯನ್ನು ನೋಡೇ ಇರಲಿಲ್ಲ. ನಾನಂತೂ ಹೆಸರೂ ಕೇಳಿರಲಿಲ್ಲ.) ಅವತ್ತೇ ಅಪ್‌ಲೋಡ್.

ಮರುದಿನ ಸುಧಾ ಅದನ್ನು ಅತ್ತೆಗೆ ಓದಿ ಹೇಳಿದಳು. ತಕ್ಷಣ ನನಗೆ ಬುಲಾವ್.

ಹೋದರೆ, ಗೌರಮ್ಮ ಶೇಂಗಾ ಹುರಿಯುತ್ತಿದ್ದರು. “ಯಾವ ಅಜ್ಜಿ ಬಗ್ಗೆ ಬರ್ದೀಯವ್ವಾ?”

“ನಿಮ್ಮ ಅತ್ತೆ...”

“ನಮ್ಮತ್ತಿಗೆ ಎಸರಿಡಾಕೂ ಬರ್ತಿರ್ಲಿಲ್ಲ. ಪುಣ್ಯಾತ್ಗಿತ್ತಿ, ಉಣ್ಣಾಕೆ ಮಾತ್ರ ಚೆಂದಾಗಿ ಬರ್ತಿತ್ತು. ಮತ್ತೆ ಆ ಒರಳು ಎಲ್ಲೈತೆ? ನಮ್ಮನ್ಯಾಗೆ ಇರೋದು ಮಿಕ್ಸಿ!”

ನನಗೆ ನಗು ತಡೆಯಲಾಗಲಿಲ್ಲ. “ಹಾಗಾದ್ರೆ ನಿಮಗೆ ಕಲಿಸಿದ್ದು ಯಾರು?”

ಬಾಣಲೆಯಲ್ಲಿ ಆಡುತ್ತಿದ್ದ ಕೈ ನಿಂತಿತು. “ನೀಲಕ್ಕ,” ಅಂದರು.

ಸುಧಾ ನನ್ನ ಮುಖ ನೋಡಿದಳು. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆ ಹೆಸರು ಅವಳ ಕಿವಿಗೆ ಬಿದ್ದಿರಲಿಲ್ಲ.

ಆಮೇಲೆ ಕತೆ ಒಂದೊಂದೇ ಹೊರಗೆ ಬಂತು. ಗೌರಮ್ಮ ಮದುವೆಯಾಗಿ ಹೋದದ್ದು ಹರಿಹರಕ್ಕೆ. ಗಂಡನಿಗೆ ಅಲ್ಲಿ ಫ್ಯಾಕ್ಟರಿ ಕೆಲಸ, ವಠಾರದಲ್ಲಿ ಬಾಡಿಗೆ ಮನೆ. ಪಕ್ಕದ ಮನೆ ನೀಲಕ್ಕ. ಶೇಂಗಾ ಎಷ್ಟು ಹುರಿಯಬೇಕು, ಬೆಳ್ಳುಳ್ಳಿ ಯಾವಾಗ ಹಾಕಬೇಕು, ಎಲ್ಲ ಕಲಿಸಿದಾಕೆ. ಒಂದು ಬೆಳಿಗ್ಗೆ ನಲ್ಲಿ ಮುಂದೆ, ಯಾರ ಕೊಡ ಮೊದಲು ಅಂತ ಜಗಳವಾಯಿತು. ಕೊಡ ನೆಗ್ಗಿತು, ಮಾತು ನಿಂತಿತು. ಸ್ವಲ್ಪ ದಿನಕ್ಕೇ ಗೌರಮ್ಮನ ಸಂಸಾರ ದಾವಣಗೆರೆಗೆ ಬಂತು. ಆ ಮಾತು ನಿಂತದ್ದು ನಿಂತೇ ಇದೆ. ಗೌರಮ್ಮನಿಗೀಗ ಮೊಮ್ಮಕ್ಕಳಿದ್ದಾರೆ!

“ಬರೆಯೋದಾದ್ರೆ ಆಕಿ ಹೆಸ್ರು ಬರೀರಿ. ಇಲ್ಲಾಂದ್ರೆ ಆ ಪುಟನೇ ಬ್ಯಾಡ.”

“ಹೆಸರು ಹಾಕೋಕೆ ಅವರನ್ನ ಕೇಳಬೇಕಲ್ವಾ?” ಅಂದೆ. ಸುಮ್ಮನೆ ಅಂದದ್ದು.

ಗೌರಮ್ಮ ಗ್ಯಾಸ್ ಆರಿಸಿದರು. ಒಳಗೆ ಹೋಗಿ, ಸೀರೆ ಬದಲಿಸಿ ಬಂದರು. “ನಡೀರಿ.”

ಮೂವರೂ ಹರಿಹರದ ಬಸ್ಸು ಹತ್ತಿದೆವು. ಗೌರಮ್ಮನ ಮಡಿಲಲ್ಲಿ ಚಟ್ನಿಪುಡಿಯ ಪ್ಯಾಕೆಟ್. ಊರು ಹತ್ತಿರ ಬಂದಾಗ ಸೊಸೆಯ ಕಡೆ ತಿರುಗಿ, “ಬಾಗ್ಲು ಹಾಕ್ಕೊಂಡ್ರೆ ಏನ್ ಮಾಡ್ಲೇ?” ಅಂದರು. ಸದಾ ಜೋರು ಮಾಡುವ ಅತ್ತೆಯ ದನಿ ಅಷ್ಟು ಸಣ್ಣದಾದದ್ದನ್ನು ಸುಧಾ ಕೇಳಿರಲಿಲ್ಲವೇನೋ. ಅವರ ಕೈ ಹಿಡಿದುಕೊಂಡಳು.

ಆಟೊದವನಿಗೆ ಮಾತ್ರ ಗೌರಮ್ಮ ಪಟಪಟ ದಾರಿ ಹೇಳಿದರು. ಹಳೇ ವಠಾರಕ್ಕಲ್ಲ, ನೀಲಕ್ಕನ ಮಗ ಕಟ್ಟಿಸಿದ ಹೊಸ ಮನೆಗೆ. ಎಡಕ್ಕೆ, ಬಲಕ್ಕೆ, ಹಸಿರು ಗೇಟು. ನಿಮಗೆ ಹೇಗೆ ಗೊತ್ತು ಅಂದೆ.

“ವಿಚಾರಸ್ತಿದ್ದೆ. ಮಾತಾಡಂಗಿಲ್ಲ ಅಂದ್ರೆ ವಿಚಾರಸಂಗೂ ಇಲ್ಲೇನು?”

ಗೇಟು ತೆಗೆದವರೇ ನೀಲಕ್ಕ. ತೆಳ್ಳಗೆ, ಬೆಳ್ಳಗೆ, ದಪ್ಪ ಕನ್ನಡಕ. ಗೌರಮ್ಮನನ್ನು ಮೇಲಿಂದ ಕೆಳಗೆ ನೋಡಿದರು.

“ನೀರು ಬಂದು ಹೋದಮ್ಯಾಲೆ ಬಂದೀಯಲ್ಲೇ ಗೌರಿ.”

“ನಿನ್ನ ಕೊಡ ತುಂಬ್ಲಿ ಅಂತ ಕಾಯ್ತಿದ್ದೆ ನೀಲಕ್ಕ,” ಅಂದರು ಗೌರಮ್ಮ. ಇಬ್ಬರೂ ಗೇಟು ಹಿಡಿದುಕೊಂಡೇ ಅತ್ತರು. ಆಮೇಲೆ ಗೇಟು ಹಿಡಿದುಕೊಂಡೇ ನಕ್ಕರು. ನಾವು ರಸ್ತೆಯಲ್ಲೇ ನಿಂತಿದ್ದೆವು, ನೆನಪಾದಾಗ ಒಳಗೆ ಕರೆದರು.

ನೀಲಕ್ಕ ಪುಡಿಯನ್ನು ಅಂಗೈಗೆ ಹಾಕಿ ನೆಕ್ಕಿದರು. ಹುಬ್ಬು ಗಂಟಾಯಿತು. “ಬೆಲ್ಲ ಯಾರು ಹಾಕಿದ್ದು ಇದಕ್ಕೆ?”

ಗೌರಮ್ಮ ಒಂದು ಕ್ಷಣವೂ ತಡಮಾಡದೆ ಸೊಸೆಯ ಕಡೆ ಕೈ ತೋರಿಸಿದರು! (ಬೆಲ್ಲ ಹಾಕಿಸಿದ್ದೇ ಅತ್ತೆ ಅಂತ ಸುಧಾ ಆಮೇಲೆ ನನ್ನ ಕಿವಿಯಲ್ಲಿ ಹೇಳಿದಳು. ಅಲ್ಲಿ ಮಾತ್ರ ತುಟಿ ಬಿಚ್ಚಲಿಲ್ಲ. ಜಾಣೆ.)

ಹೆಸರು ಹಾಕಬಹುದಾ ಎಂದು ಕೇಳಿದ್ದಕ್ಕೆ ನೀಲಕ್ಕ, “ಹಾಕ್ರಿ. ಆದ್ರೆ ಬರೇ ಕಲಿಸಿದ್ದು ಬರೀಬ್ಯಾಡ್ರಿ, ಜಗಳಾನೂ ಬರೀರಿ. ಅದೂ ನಂದೇ,” ಅಂದರು.

ಬಂದು ಹಾಗೇ ಬರೆದೆ. ಅಜ್ಜಿ ಹೋದಳು, ಒರಳು ಹೋಯಿತು. ವಠಾರ, ನಲ್ಲಿ, ನೆಗ್ಗಿದ ಕೊಡ, ಹಸಿರು ಗೇಟು ಬಂದವು. ಮಿಕ್ಸಿಯೂ ಬಂತು. ವೆಬ್‌ಸೈಟ್ ಮಾಡಿದವನು ಕೈಕೈ ಹಿಸುಕಿಕೊಂಡ. “ಮೇಡಂ, ಬಿಸಿನೆಸ್ ಸೈಟಲ್ಲಿ ಜಗಳ ಯಾಕೆ? ನೆಗೆಟಿವ್ ಆಗುತ್ತೆ.”

ಆಗಲಿಲ್ಲ. ಸುಧಾಳ ಫೋನಿಗೆ ಈಗ ಗುರುತಿಲ್ಲದವರ ಕರೆ. ಹೆಚ್ಚಿನವರು ಪುಡಿಯ ಬಗ್ಗೆ ಕೇಳುವುದೇ ಇಲ್ಲ. “ಈಗ ಇಬ್ರೂ ಮಾತಾಡ್ತಾರೇನ್ರಿ?” ಅಂತ ಮೊದಲು ಕೇಳಿ, ಆಮೇಲೆ, “ಹಂಗೇ ಅರ್ಧ ಕೆಜಿ ಕಳಿಸ್ರಿ,” ಅನ್ನುತ್ತಾರೆ. ನಾನು ಹುಟ್ಟಿಸಿದ ಮಹಾತಾಯಿಯನ್ನು ಒಬ್ಬರೂ ವಿಚಾರಿಸಿರಲಿಲ್ಲ.

ನಿನ್ನೆ ರಾಣೆಬೆನ್ನೂರಿನ ಒಬ್ಬ ಹೆಂಗಸು ಎರಡು ಪ್ಯಾಕೆಟ್ ಹೇಳಿದರಂತೆ. ಒಂದು ತಮ್ಮ ಮನೆಗೆ. ಇನ್ನೊಂದು ಎದುರು ಮನೆಗೆ, ಆದರೆ ಕಳಿಸಿದವರು ಯಾರೆಂದು ಮಾತ್ರ ಹಾಕಬಾರದಂತೆ.

“ಹೆಸ್ರು ಹಾಕ್ಲಾ, ಬ್ಯಾಡಾ ಅಕ್ಕಾ?” ಅಂತ ಸುಧಾ ಬೆಳಿಗ್ಗೆಯಿಂದ ಕೇಳುತ್ತಿದ್ದಾಳೆ. ನೀವಾಗಿದ್ದರೆ ಏನು ಮಾಡ್ತಿದ್ರಿ?