ತಿಕ್ಕಿದರೂ ನಿಲ್ಲಬೇಕಾದ ಹಾಳೆ

ಸಾಹೇಬರ ಬಲಗೈಯ ಎರಡು ಬೆರಳಿನ ತುದಿ ಯಾವಾಗಲೂ ಬೆಳ್ಳಗೆ ಬಿರಿದಿರುತ್ತಿತ್ತು. ಅದರ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಒಣಗಿ ಹತ್ತಿಕೊಂಡಿರುತ್ತಿತ್ತು. ಮಾತಾಡುತ್ತಲೇ ಅದನ್ನು ಸುಲಿದು ಮೇಜಿನ ಮೇಲೆ ಹಾಕುತ್ತಿದ್ದರು. ಗುಡಿಸುವವಳು ನಾನು. "ಬುಟ್ಟಿ ಕಾಣಂಗಿಲ್ಲೇನ್ರಿ ನಿಮಗ?" ಎಂದರೆ, "ನನಗ ಕಾಣತೈತ್ರಿ ಅವ್ವಾರ, ಕೈಗೆ ಗೊತ್ತಾಗಂಗಿಲ್ಲ" ಎನ್ನುತ್ತಿದ್ದರು. ಮರುದಿನ ಮತ್ತೆ ಮೇಜಿನ ಮೇಲೆಯೇ.

ದಾಂಡೇಲಿಯಲ್ಲಿ ತಗಡಿನ ಛಾವಣಿಯ ಒಂದು ಶೆಡ್ಡಿನಲ್ಲಿ ಪ್ರಯೋಗಶಾಲೆ ಇತ್ತು. ಅವರು ಅಲ್ಲಿ ಕೆಮಿಸ್ಟು, ನಾನು ಗಾಜಿನ ಸಾಮಾನು ತೊಳೆಯುವವಳು. ಮಾಲಕರಿಗೆ ಬೇಕಾಗಿದ್ದು ಒಂದೇ, ಕಾಗದದ ಡಬ್ಬಿಗೆ ಅಂಟಿಸಲು ಬರುವ, ನೀರು ಹತ್ತದ ತೆಳು ಹಾಳೆ. ಅದಾಗದಿದ್ದರೆ ಶೆಡ್ಡಿಗೆ ಬೀಗ. ನಮ್ಮಿಬ್ಬರ ಕೆಲಸವೂ ಹೋದಂತೆಯೇ.

ನನ್ನ ಓದು ಬಸ್ಸಿನ ಬೋರ್ಡಿಗಷ್ಟೇ ಸಾಕಾಗುವಂಥದ್ದು. ಆದರೂ ಅವರು ನನಗೆ ತಿಳಿಯುವ ಹಾಗೆ ಹೇಳಿದ್ದರು. ಸಿಲಿಕಾ ಅಂತ ಒಂದು ಪುಡಿ, ಬೂದಿಗಿಂತ ನುಣ್ಣಗೆ. ಮುಚ್ಚಳ ತೆಗೆದರೆ ಹೊಗೆಯಂತೆ ಏಳುತ್ತಿತ್ತು.

"ಈ ಪುಡಿ ನೀರು ಕುಡೀತೈತಿ. ಅದಕ್ಕ ಒಂದು ಔಷಧ ಕೂಡಿಸಿ ಕಣಕಣಕ್ಕೂ ಕೂದಲು ಬರಸ್ತೇನಿ. ನೀರು ಬ್ಯಾಡ ಅನ್ನೋ ಕೂದಲು. ಕಣ್ಣಿಗೆ ಕಾಣಂಗಿಲ್ಲ."

"ನೀರು ಬ್ಯಾಡಂದ್ರ ಇಷ್ಟೆಲ್ಲಾ ಯಾಕ್ರಿ? ನಮ್ಮ ಓಣಿಗೆ ಬರ್ರಿ. ನಳದಾಗ ಬರೂದ ಇಲ್ಲ."

ಕೆಮ್ಮು ಬರುವ ತನಕ ನಕ್ಕರು.

ಪ್ಲಾಸ್ಟಿಕ್ಕನ್ನು ಮೂಗಿಗೆ ಹೊಡೆಯುವ ಒಂದು ದ್ರವದಲ್ಲಿ ಕರಗಿಸಿ, ಆ ಪುಡಿ ಕಲಸಿ, ಗಾಜಿನ ಮೇಲೆ ದೋಸೆಯಂತೆ ಹರವುತ್ತಿದ್ದರು. ಒಣಗಿದ ಮೇಲೆ ಎಬ್ಬಿಸಿದರೆ ಹಾಳೆ. ಹನಿ ನೀರು ಬಿಟ್ಟರೆ ಕೆಸುವಿನ ಎಲೆಯ ಮೇಲೆ ಕೂತಂತೆ ಗುಂಡಗೆ ಕೂತು, ತುಸು ಓರೆ ಮಾಡಿದರೆ ಉರುಳಿ ಬೀಳುತ್ತಿತ್ತು. ಬೇರೆಯವರಾಗಿದ್ದರೆ ಅಲ್ಲಿಗೇ ಪೇಡೆ ಹಂಚುತ್ತಿದ್ದರು. ಇವರು ನನ್ನನ್ನು ಕರೆಯುತ್ತಿದ್ದರು. "ಅವ್ವಾರ, ತಿಕ್ರಿ."

ಬೂದಿ ಹಚ್ಚಿ, ತೆಂಗಿನ ನಾರು ಹಿಡಿದು ಪಾತ್ರೆ ತಿಕ್ಕಿ ತಿಕ್ಕಿ ನನ್ನ ಅಂಗೈ ಮರದ ತೊಗಟೆಯಾಗಿತ್ತು. ಆ ಕೈಯಿಂದ ಹಾಳೆ ತಿಕ್ಕಬೇಕು, ಆಮೇಲೆ ಅವರು ಹನಿ ಬಿಡಬೇಕು. ಪುಡಿ ಜಾಸ್ತಿಯಾದ ಹಾಳೆ ಸುಣ್ಣದಂತೆ ಕೈಗೆ ಬರುತ್ತಿತ್ತು. ಪುಡಿ ಕಡಿಮೆಯಾದದ್ದು ಗಟ್ಟಿ ಇರುತ್ತಿತ್ತು, ಆದರೆ ನೀರು ಹತ್ತುತ್ತಿತ್ತು. ಈ ಎರಡರ ನಡುವೆ ಆ ಮನುಷ್ಯ ವರ್ಷಗಟ್ಟಲೆ ಸವೆದರು. ಮಳೆಗಾಲದಲ್ಲಂತೂ ಗಾಳಿಯ ತೇವಕ್ಕೇ ಔಷಧ ಕೆಡುತ್ತಿತ್ತು. ತೊಳೆದ ಗಾಜನ್ನೇ ತೊಳೆ, ತಿಕ್ಕಿದ್ದನ್ನೇ ತಿಕ್ಕು. ನನಗೂ ಸಾಕಾಗಿತ್ತು.

ಕೊನೆಗೆ ಬೆಳಗಾವಿಯಿಂದ ಡಬ್ಬಿ ವ್ಯಾಪಾರದವರು ನೋಡಲು ಬರುವುದೆಂದಾಯಿತು. ಅವತ್ತು ಮುಂಜಾನೆ ಮಾಲಕರು ಬಂದು ಸಾಹೇಬರಿಗೆ ಹೇಳಿದರು, "ಹನಿ ಉರುಳಿಸಿ ತೋರಸ್ರಿ, ಸಾಕು. ತಿಕ್ಕೂದು ಗಿಕ್ಕೂದು ಏನೂ ಬ್ಯಾಡ. ಮುದುಕಿ ಹಿತ್ತಲದಾಗ ಇರ್ಲಿ."

ಅವರು ಆಚೆ ಹೋದ ಮೇಲೆ ನಾನೇ ಕೇಳಿದೆ, "ಕರದ್ರ ಹಗರಕ ಕೈ ಆಡಿಸ್ಲೇನ್ರಿ? ಇಬ್ಬರಿಗೂ ಹೊಟ್ಟಿ ಐತಿ."

ಸಾಹೇಬರು ಬೆರಳು ಸುಲಿಯುತ್ತ ಕೂತಿದ್ದರು. "ಲಾರ್‍ಯಾಗ ಡಬ್ಬಿಗೆ ಡಬ್ಬಿ ತಿಕ್ತೈತಲ್ರಿ ಅವ್ವಾರ, ಅದೇನು ಹಗರಕ ತಿಕ್ತೈತಿ?"

ಬಂದವರ ಮುಂದೆ ಹನಿ ಚಂದಾಗಿ ಉರುಳಿತು. ಒಬ್ಬರು ಚಪ್ಪಾಳೆಯನ್ನೇ ತಟ್ಟಿದರು. ಸಾಹೇಬರು ಹಿತ್ತಲ ಬಾಗಿಲು ತೆರೆದು ನನ್ನನ್ನು ಕರೆದರು. ಮಾಲಕರ ಮುಖ ನೋಡಲಿಲ್ಲ. "ಬೋಗುಣಿ ತಿಕ್ಕಿದಂಗ ತಿಕ್ರಿ."

ತಿಕ್ಕಿದೆ. ಹನಿ ಬಿಟ್ಟರು. ಅದು ಚಪ್ಪಟೆಯಾಗಿ ಹಾಳೆಗೆ ಹತ್ತಿಕೊಂಡಿತು.

"ಇಷ್ಟ ಆಗೇತ್ರಿ. ಪೂರ್ತಿ ಆಗಿಲ್ಲ," ಎಂದರು ಸಾಹೇಬರು. ಬಂದವರು ಚಹಾ ಕುಡಿದು ಹೋದರು.

ಶೆಡ್ಡಿಗೆ ಬೀಗ ಬಿತ್ತು. ಹೋಗುವಾಗ ನಾನು ಬೈದೇ ಹೋದೆ. "ನಿಮ್ಮ ಖರೇ ಮಾತು ನಾಳೆ ಅನ್ನ ಹಾಕ್ತೈತೇನ್ರಿ?" "ಇಲ್ರಿ," ಎಂದರು. ಅಷ್ಟೇ.

ನಾನು ಒಂದು ಖಾನಾವಳಿಯಲ್ಲಿ ಪಾತ್ರೆ ತಿಕ್ಕಲು ಸೇರಿದೆ. ಅವರು ಮುಂಡಗೋಡದ ಕಡೆ, ಹೆಂಡತಿಯ ಊರು ಸನವಳ್ಳಿಗೆ ಹೋದರು. ಅಲ್ಲಿಯೂ ಹಿತ್ತಲಲ್ಲಿ ಗಾಜು ಹರವಿಕೊಂಡು ಕೂತಿದ್ದರಂತೆ. ಆಗಾಗ ಬಸ್ಸು ಹಿಡಿದು ಖಾನಾವಳಿಗೆ ಬರುತ್ತಿದ್ದರು, ಚೀಲದಲ್ಲಿ ಹಾಳೆ. ಊಟ ಮಾಡಿ, ನನ್ನ ಪಾತ್ರೆ ಮುಗಿಯುವ ತನಕ ಕೂತು, "ತಿಕ್ರಿ" ಎನ್ನುವರು. ಒಮ್ಮೊಮ್ಮೆ ಹನಿ ಅರೆಬರೆ ಗುಂಡಗೆ ನಿಂತದ್ದೂ ಉಂಟು. "ಅರ್ಧ ಬಂದೈತ್ರಿ," ಎಂದರೆ, "ಅರ್ಧ ಅಂದ್ರ ಆಗಿಲ್ರಿ," ಎಂದು ಎದ್ದು ಹೋಗುತ್ತಿದ್ದರು. ಬೆನ್ನು ಬಾಗಿತ್ತು.

ಈ ಮಳೆಗಾಲದಲ್ಲಿ ಸಾಹೇಬರು ಬರಲಿಲ್ಲ. ಎದೆಬೇನೆಯಿಂದ ಹೋದರೆಂದು ಸುದ್ದಿ ಬಂತು. ನಾನು ಸನವಳ್ಳಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಹೆಂಡತಿ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದರು.

"ಹಾಳಿ ತಿಕ್ಕೂ ಅವ್ವಾರು ನೀವ ಏನ್ರಿ?"

"ಹೌದ್ರಿ."

"ಒಂದು ಮಾತು ಹೇಳ್ರಿ. ಕಡೀಕರ ಅದು ಆಗಿತ್ತೇನು?"

ಸುತ್ತ ಕೂತ ಹೆಂಗಸರೆಲ್ಲ ನನ್ನ ಬಾಯಿ ನೋಡಿದರು. ಹೂಂ ಅನ್ನು ಎಂದು ಒಬ್ಬಳು ಕಣ್ಸನ್ನೆ ಮಾಡಿದಳು. ಗಂಡನನ್ನು ಕಳಕೊಂಡವಳಿಗೆ ಒಂದು ಹೂಂ ಕೊಡುವುದು ದೊಡ್ಡದೇನಲ್ಲ.

"ಇಲ್ರಿ ಬಾಯಾರ," ಎಂದೆ. "ಆಗ್ಲಿಲ್ಲ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ನನಗೂ ಅವರು ಹಂಗ ಹೇಳಿದ್ರು. ಮುಂಜಾನಿಂದ ಬಂದವರೆಲ್ಲ ಆಗಿತ್ತು, ಆಗಿತ್ತು ಅಂತ ಹೇಳ್ಯಾರ. ಅವರನ್ನ ಬಲ್ಲವರು ಈಗ ಬಂದ್ರಿ."

ತುಸು ಸರಿದು, ಗೋಡೆಗೆ ಒರಗಲು ನನಗೂ ಜಾಗ ಮಾಡಿಕೊಟ್ಟರು.